ಮಾಸ್ತಿಗೆ ಉಣಿಸಿದ ಹೊತ್ತು

ಯಾರೇ ಉಣ್ಣಲು ಬರಲಿ, ಕೈಗೆ ನೀರು ಹಾಕದೆ ದೇವಕ್ಕ ತಟ್ಟೆ ಇಡುತ್ತಿರಲಿಲ್ಲ. ಬನವಾಸಿಯಿಂದ ಶಿರಸಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಾಲ್ಕು ಬೆಂಚಿನ ಖಾನಾವಳಿ ಅವಳದು. ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತು, "ಬರ್ರಿ, ಮೊದ್ಲ ಕೈ ತೊಳಕೊಳ್ರಿ" ಎನ್ನುವಳು. ಅತ್ತೆ ಕಲಿಸಿದ ಪದ್ಧತಿ. ಅತ್ತೆ ಹೋಗಿ ಎಷ್ಟೋ ವರ್ಷವಾಗಿತ್ತು, ತಂಬಿಗೆ ಮಾತ್ರ ಕೈಬಿಟ್ಟಿರಲಿಲ್ಲ. ಅಲ್ಲಿಂದ ಕೂಗಳತೆಯಲ್ಲಿದ್ದ ಪೊಲೀಸ್ ಹೊರಠಾಣೆಗೂ ಮಧ್ಯಾಹ್ನದ ಬುತ್ತಿ ಅವಳ ಒಲೆಯಿಂದಲೇ ಹೋಗುತ್ತಿತ್ತು.

ಒಂದು ದಿನ ಮಧ್ಯಾಹ್ನದ ಬುತ್ತಿ ಕಟ್ಟುವಾಗ ಹವಾಲ್ದಾರ ಸಂಜಯ ಫೋನ್ ಮಾಡಿ, ಠಾಣೆಯ ಹಿಂದಿನ ಕೋಣೆಯಲ್ಲಿ ಒಬ್ಬನಿದ್ದಾನೆ, ಅವನಿಗೂ ಎರಡು ರೊಟ್ಟಿ ತಾ ಎಂದ. ದೇವಕ್ಕ ಬುತ್ತಿ ಕೊಟ್ಟು ತಿರುಗಿ ಬಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ತಂಬಿಗೆ ತುಂಬಿಕೊಂಡು ನೇರ ಆ ಕೋಣೆಯ ಕಡೆ ನಡೆದಳು.

"ಏನಕ್ಕಾ, ಬೀಗರ ಊಟ ಅಂತ ಮಾಡಿಯೇನ? ಎಲಿ ಅಡಕಿನೂ ತಂದೀಯೋ ಹೆಂಗ?" ಎಂದು ಸಂಜಯ ನಕ್ಕ.

"ಉಣ್ಣಾವ್ರು ಯಾರಾದ್ರೇನ್ರಿ ಸಾಹೇಬ್ರ, ಕೈ ಕೈನಽ ಅಲ್ರಿ?"

ಅವನು ನಗುತ್ತಲೇ ಚಿಲಕ ತೆಗೆದ.

ಒಳಗೆ ಒಬ್ಬ ಗೋಡೆಗೊರಗಿ ಕುಳಿತಿದ್ದ. ಕೈ ಚಾಚಪ್ಪಾ ಎಂದಳು. ಚಾಚಿದ ಅಂಗೈ ಉಬ್ಬಿ ಕಪ್ಪಾಗಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಅಂಗಾಲೂ ಹಾಗೆಯೇ. ನೀರು ಬಿದ್ದೊಡನೆ ಹಲ್ಲು ಕಚ್ಚಿದ. ಏನಾಯಿತೆಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ರೊಟ್ಟಿ ಮುರಿದು ಪಲ್ಯ ಹಚ್ಚಿ ತಾನೇ ಬಾಯಿಗಿಟ್ಟಳು. ಒಂದು ರೊಟ್ಟಿ ತಿಂದ. ಯಾವೂರು ಎಂದದ್ದಕ್ಕೆ, "ನಿಲ್ಕುಂದ. ಮಾಸ್ತಿ ಅಂತ. ದನಕ್ಕೆ ಹುಲ್ಲು ಕೊಂಡು ಹೋಗುವಾ ಅಂತ ಬಂದಿದ್ದೆ" ಎಂದ. ಅಷ್ಟೇ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ಗಂಧದ ಮರ ಕಡಿದ ಗುಮಾನಿಯ ಮೇಲೆ ಹಿಂದಿನ ದಿನ ಸಂಜೆ ಆರಕ್ಕೆ ಹಿಡಿಯಹೋದಾಗ ಓಡಿ ಹಳ್ಳದ ಕಲ್ಲಿನ ಮೇಲೆ ಬಿದ್ದ ಎಂದು ಪೊಲೀಸರು ಬರೆದಿದ್ದರು. ದೇವಕ್ಕನಿಗೆ ಆ ಕಾಗದದ ವಿಷಯ ಗೊತ್ತಿರಲಿಲ್ಲ. ಅವಳು ಶಿವಾ ಶಿವಾ ಎಂದು ಒಲೆಯ ಕಡೆ ತಿರುಗಿದಳು.

ಹದಿನೈದು ದಿನದ ಮೇಲೆ ಮಾಸ್ತಿಯ ಹೆಂಡತಿ ನಾಗಿ, ತನ್ನ ತಮ್ಮ ಪ್ರಮೋದನ ಜೊತೆ ಗಂಡನ ಬಟ್ಟೆ ಕೇಳಲು ಹೊರಠಾಣೆಗೆ ಬಂದಳು. ಅಲ್ಲಿ ಬೈಸಿಕೊಂಡು ಬಂದು ಖಾನಾವಳಿಯ ಕಟ್ಟೆಯ ಮೇಲೆ ಕುಳಿತಳು. ದೇವಕ್ಕ ನೀರು ಕೊಟ್ಟಳು. ಇಲ್ಲಿಂದ ಊಟ ಹೋಗುತ್ತದೆಂದು ತಿಳಿದೊಡನೆ ನಾಗಿ ಕೇಳಿದ್ದು ಒಂದೇ ಮಾತು.

"ಅಮ್ಮಾ, ನಮ್ಮನೆಯವ್ರು ಉಂಡಿದ್ರಾ? ಪಿಂಡ ಇಟ್ರೆ ಕಾಗೆ ಮುಟ್ಲೇ ಇಲ್ಲ. ಹಸ್ಕೊಂಡೇ ಹೋದ್ರು ಅಂತ ಊರೆಲ್ಲ ಹೇಳ್ತಾರೆ."

ದೇವಕ್ಕನ ಮನೆತನದಲ್ಲಿ ಪಿಂಡವಿಲ್ಲ, ಕಾಗೆಯನ್ನು ಕಾಯುವುದಿಲ್ಲ. ಆದರೂ ಆ ಸಂಕಟ ತಿಳಿಯಿತು. "ಇಲ್ಲವ್ವಾ, ನನ್ನ ಕೈಯಾರ ಉಣಿಸೀನಿ. ಮಧ್ಯಾಹ್ನ ಒಂದು ರೊಟ್ಟಿ ತಿಂದಾರ. ಹಸಿದು ಹೋಗಿಲ್ಲ" ಎಂದಳು. ನಾಗಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಪ್ರಮೋದ ಮಾತ್ರ ಅಳಲಿಲ್ಲ. ಪೊಲೀಸರ ಕಾಗದ ಓದಿದ್ದವನು ಅವನು. "ಮಧ್ಯಾಹ್ನವಾ?" ಎಂದು ಎರಡು ಸಲ ಕೇಳಿದ.

ಸಮಾಧಾನಕ್ಕೆ ಆಡಿದ ಮಾತು ಪ್ರಮೋದ ಕೋರ್ಟಿಗೆ ಕೊಟ್ಟ ಅರ್ಜಿಯಲ್ಲಿ ಸೇರಿತು. ತಿಂಗಳೊಪ್ಪತ್ತಿನಲ್ಲಿ, ಶಿರಸಿಗೆ ಬಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕೆಂಬ ನೋಟಿಸು ಬಂತು.

ನೋಟಿಸಿನ ಬೆನ್ನಿಗೇ ಸಂಜಯ ಬಂದ. ಅವನಿಗೂ ಕೈಗೆ ನೀರು ಹಾಕಿದಳು. ಅವನು ಕೈ ಒರೆಸಿಕೊಂಡು ಊಟಕ್ಕೆ ಕುಳಿತ.

"ವಯಸ್ಸಾತು ಅಕ್ಕಾ, ಹೊತ್ತಿನ ನೆನಪು ಇರೂದಿಲ್ಲ. ನೀ ರೊಟ್ಟಿ ತಂದದ್ದು ಸಂಜಿಗೆ."

"ಸಂಜಿಗೆ ಒಲಿನಽ ಹಚ್ಚೂದಿಲ್ರಿ ನಾನು."

"ಅವತ್ತು ಹಚ್ಚಿದ್ದಿ." ಅವನು ನಿಧಾನಕ್ಕೆ ರೊಟ್ಟಿ ಮುರಿದ. "ವಿನೋದ ಹೆಂಗದಾನ? ಟಂಟಂ ಗಾಡಿ ತಗೊಂಡು ಯಲ್ಲಾಪುರದ ಕಾಡದಾರಿಗೆ ಒಬ್ಬನಽ ಅಡ್ಡಾಡ್ತಾನಂತಲ್ಲ. ಘಟ್ಟ ನೋಡು, ಜೋಪಾನ ಅಂತ ಹೇಳು."

ವಿನೋದ ಅವಳ ಒಬ್ಬನೇ ಮಗ. ಆ ಹೊತ್ತಿನಿಂದ ರಸ್ತೆಯಲ್ಲಿ ಯಾವ ಗಾಡಿ ಹಾರ್ನ್ ಹಾಕಿದರೂ ದೇವಕ್ಕ ಬಾಗಿಲಿಗೆ ಬಂದು ನೋಡುತ್ತಿದ್ದಳು. ಗಂಡ ಕಲ್ಲಯ್ಯ ಕೆಟ್ಟವನಲ್ಲ, ಅಂಜಿದವನು. "ಒಂದು ಮಾತು. ಸಂಜಿ ಅಂದುಬಿಡು. ಸತ್ತಾಂವ ಎದ್ದು ಬರ್ತಾನೇನ? ಇದ್ದಾಂವನ್ನ ಉಳಿಸ್ಕೋ" ಎಂದು ಕೈಮುಗಿದ. ಆಗಲಿ ಎಂದಳು. ಆದರೆ ಬೆಳಿಗ್ಗೆ ಪೂಜೆಗೆ ಕುಳಿತು ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ ದೃಷ್ಟಿ ನಿಲ್ಲಲಿಲ್ಲ; ಆ ಉಬ್ಬಿದ ಅಂಗೈಯೇ ಕಂಡಿತು. ಮೂರು ದಿನ ಹಾಗೆಯೇ ಆಯಿತು.

ಶಿರಸಿಯ ಕೋರ್ಟಿನ ಜಗುಲಿಯ ಒಂದು ತುದಿಗೆ ನಾಗಿ ಕುಳಿತಿದ್ದಳು. ಬಾಗಿಲ ಪಕ್ಕದಲ್ಲೇ ಸಂಜಯ, ಖಾಕಿಯಿಲ್ಲದೆ, ನೀಲಿ ಅಂಗಿಯಲ್ಲಿ ನಿಂತಿದ್ದ. "ಆರಾಮಾ ಅಕ್ಕಾ?" ಎಂದ.

ಮ್ಯಾಜಿಸ್ಟ್ರೇಟರು ಹೆಣ್ಣುಮಗಳು, ದೇವಕ್ಕನಿಗಿಂತ ಎಷ್ಟೋ ಸಣ್ಣವರು. ಪ್ರಮಾಣ ಮಾಡಿಸಿದರು. ಎಷ್ಟು ಹೊತ್ತಿಗೆ ಊಟ ಕೊಟ್ಟಿರಿ ಎಂದರು. ಸಂಜೆ ಎನ್ನಲು ಬಾಯಿ ತೆರೆದಳು. ಆ ಮಾತು ಬರಲಿಲ್ಲ. "ಮಧ್ಯಾಹ್ನರೀ. ಆಗಲೇ ಕೈ ಬಾತಿದ್ದುವು" ಎಂದಳು. ಒಂದಾದ ಮೇಲೊಂದು ಎಲ್ಲ ಹೇಳಿದಳು. ಕೊನೆಗೆ ಅವರು, "ಹೇಳಿಕೆ ಬದಲಿಸಬೇಕೆಂದು ಯಾರಾದರೂ ಹೆದರಿಸಿದ್ದಾರಾ?" ಎಂದರು. ಈ ಪ್ರಶ್ನೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಅರೆತೆರೆದ ಬಾಗಿಲ ಸಂದಿಯಲ್ಲಿ ನೀಲಿ ಅಂಗಿ ಕಾಣುತ್ತಿತ್ತು.

"ಇಲ್ರಿ."

ಟೈಪು ಮಾಡುತ್ತಿದ್ದ ಹುಡುಗಿ ಬರೆದದ್ದನ್ನೆಲ್ಲ ಓದಿ ಹೇಳಿದಳು. ಊಟ, ಹೊತ್ತು, ಕೈ, ಎಲ್ಲ ಸರಿಯಿತ್ತು. "ನನ್ನನ್ನು ಯಾರೂ ಹೆದರಿಸಿರುವುದಿಲ್ಲ. ಮೇಲೆ ಹೇಳಿದ್ದೆಲ್ಲವೂ ಸತ್ಯ" ಎಂದು ಮುಗಿಸಿ ಪೆನ್ನು ಮುಂದೆ ಹಿಡಿದಳು. ದೇವಕ್ಕ ಪೆನ್ನು ತೆಗೆದುಕೊಂಡಳು. ಮತ್ತೆ ಮೇಜಿನ ಮೇಲಿಟ್ಟಳು.

"ಮೇಡಂ, ಕಡೀಕ ಬರದದ್ದು ಸುಳ್ಳದ. ಹೆದರಿಸ್ಯಾರ. ನನ್ನ ಮಗನ ಹೆಸರು ಹಿಡದು ಹೆದರಿಸ್ಯಾರ."

"ಯಾರು?"

ಅವಳು ಹೆಸರು ಹೇಳಿದಳು. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದರು. ದೇವಕ್ಕ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಇನ್ನೊಮ್ಮೆ ಹೇಳಿದಳು. ಈ ಸಲ ಬಾಗಿಲಾಚೆಗೂ ಕೇಳಿತು.