ನಿಮ್ಮಪ್ಪನಿಗೆ ತಂದ ಬ್ಲಾಕ್ಸ್ ಡಬ್ಬಿ

"ಹುಡುಗನಿಗೆ ಎಷ್ಟು ವರ್ಷ ಅಮ್ಮಾ?"

ಹರಪನಹಳ್ಳಿಯ ಆಟಿಕೆ ಅಂಗಡಿಯವನು ಕೇಳಿದ ಈ ಮಾತಿಗೇ ನನಗೆ ಮೊದಲು ಸಿಟ್ಟು ಬಂದದ್ದು.

"ನಲವತ್ತೊಂದು" ಅಂದೆ.

ಅವನು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟ. "ನೀವು ಕೇಳಿದ್ದು ಬ್ಲಾಕ್ಸ್ ಅಲ್ವಾ? ಪೀಸು ಪೀಸು ಜೋಡಿಸೋವು?"

"ಅವೇ ರೀ."

"ಯಾರಿಗೆ ಬೇಕಾಗೈತೆ?"

"ನಮ್ಮ ಅಳಿಯಗ."

ಅವನು ನಕ್ಕ. ನಕ್ಕು ಪಕ್ಕದ ಗಿರಾಕಿಯ ಕಡೆಯೂ ನೋಡಿದ, ಅವನೂ ನಗಲಿ ಎಂದು.

ಮೊಮ್ಮಕ್ಕಳೇ, ಆ ಡಬ್ಬಿಯ ಸಂಗತಿಯಲ್ಲಿ ಅರ್ಧವನ್ನು ನೀವಿಬ್ಬರೂ ಕಣ್ಣಾರೆ ಕಂಡಿದ್ದೀರಿ. ನಿಮ್ಮ ದೊಡ್ಡಪ್ಪ ಅದನ್ನು ಈಗಲೂ ಮದುವೆ ಮನೆಗಳಲ್ಲಿ ತಮಾಷೆ ಮಾಡಿ ಹೇಳುತ್ತಾರೆ. ಅದು ತಮಾಷೆಯಾಗಿರಲಿಲ್ಲ. ಅದಕ್ಕೇ ಉಳಿದರ್ಧವನ್ನೂ ಬರೆದಿಡುತ್ತಿದ್ದೇನೆ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರ ಇದೆ, ಅದು ಸಾಕು.

ಹೋದ ಬೇಸಿಗೆಯಲ್ಲಿ ನಾನು ಉಜ್ಜಿನಿಯಿಂದ ಹಗರಿಬೊಮ್ಮನಹಳ್ಳಿಗೆ ಬಂದು ನಿಮ್ಮ ಮನೆಯಲ್ಲಿ ಒಂದು ವಾರ ಇದ್ದೆ. ಆಗ ನೀವಿನ್ನೂ ಬಾಡಿಗೆ ಮನೆಯಲ್ಲಿದ್ದಿರಿ. ಅವತ್ತು ಅಮಾವಾಸ್ಯೆ, ನಿಮ್ಮಪ್ಪನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗೆ ರಜೆ. ನೀವು ಬ್ಲಾಕ್ಸಿನಲ್ಲಿ ಅರ್ಧ ಮನೆ ಕಟ್ಟಿ, ಬಿಟ್ಟು, ಬೀದಿಗೆ ಓಡಿದ್ದಿರಿ. ನಾನು ಅಡುಗೆ ಮನೆಯಿಂದ ಬಂದವಳು ಬಾಗಿಲ ಮರೆಯಲ್ಲೇ ನಿಂತೆ. ನಿಮ್ಮಪ್ಪ ಒಬ್ಬರೇ ನೆಲದ ಮೇಲೆ ಕೂತು, ನಿಮ್ಮ ಮನೆಯನ್ನು ಬಿಚ್ಚದೆ, ಅದರ ಮುಂದೆ ಒಂದು ಸೇತುವೆ ಕಟ್ಟುತ್ತಿದ್ದರು. ಒಂದು ಪೀಸು ಕೂರಿಸುವುದು, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಸೇತುವೆಯ ಕೆಳಗಿನಿಂದ ನೋಡುವುದು, ಮತ್ತೆ ಆ ಪೀಸು ತೆಗೆದು ಬೇರೆ ಹಾಕುವುದು. ಅಂಗಡಿಯಲ್ಲಿ ಬೇರಿಂಗು, ನಟ್ಟು ಬೋಲ್ಟು ಕೊಡುವಾಗ ಆ ಮುಖವನ್ನು ನಾನು ಕಂಡಿರಲಿಲ್ಲ.

ಹೊರಗೆ ಚಪ್ಪಲಿ ಸಪ್ಪಳವಾಯಿತು. ನಿಮ್ಮಪ್ಪ ಥಟ್ಟನೆ ಸೇತುವೆ ಮುರಿದು, ಪೀಸುಗಳನ್ನೆಲ್ಲ ಚಾಪೆಯ ಅಡಿಗೆ ತಳ್ಳಿ, ಮೊಬೈಲು ಹಿಡಿದು ಕೂತರು. ಬಂದವಳು ಹಾಲಿನವಳು!

ತಮ್ಮ ಮನೆಯಲ್ಲಿ, ತಾವೇ ತಂದುಕೊಟ್ಟ ಸಾಮಾನನ್ನು ಕದ್ದವರ ಹಾಗೆ ಬಚ್ಚಿಡುವುದೆಂದರೇನು? ನನಗೆ ಸಂಕಟವಾಯಿತು. ಅದಕ್ಕೆ ಕಾರಣವೂ ಇತ್ತು. ನಿಮ್ಮಜ್ಜ ಜೋಳದ ದಂಟು ಸೀಳಿ, ಒಳಗಿನ ಬೆಂಡಿನಲ್ಲಿ ಗಾಲಿ ಕೊರೆದು, ಬಂಡಿ ಮಾಡುತ್ತಿದ್ದರು. ಮೊದಲು ನಿಮ್ಮವ್ವ ಚಿಕ್ಕವಳಿದ್ದಾಗ ಅವಳಿಗೆಂದು ಮಾಡಿದರು. ಅವಳು ದೊಡ್ಡವಳಾಗಿ ಆ ಆಟ ಬಿಟ್ಟ ಮೇಲೂ ಮಾಡಿದರು. ಒಂದು ಬಂಡಿಗೆ ನೊಗ, ಮೇಲೆ ಬಿಸಿಲಿಗೆ ಮರೆಯಾಗುವ ಕೊಲ್ಲಾರಿ, ಎಲ್ಲ ಇತ್ತು. ನೀರು ತರಲು ಹೋದಾಗ ಹೆಂಗಸರು "ನಿನ್ನ ಗಂಡ ಬಂಡಿ ಆಟ ಆಡ್ತಾನಂತಲ್ಲವ್ವಾ" ಎಂದು ನಕ್ಕಿದ್ದರು. ನಾನು ಮನೆಗೆ ಬಂದು ಆ ಬಂಡಿಯನ್ನು ನೀರೊಲೆಗೆ ಹಾಕಿದೆ. ಆಮೇಲೆ ಅವರು ಇನ್ನೊಂದು ಬಂಡಿ ಮಾಡಲಿಲ್ಲ. ಅವರು ಇರುವತನಕ ಯಾವ ಕಾರ್ಯಕ್ಕೆ ಹೋದರೂ ಆಯಾರವೆಂದು, ಅಂದರೆ ಉಡುಗೊರೆಯೆಂದು, ಅವರಿಗೆ ಸಿಕ್ಕದ್ದು ಟವೆಲ್ಲು, ಶರ್ಟಿನ ಬಟ್ಟೆ. ಹೊಲಿಸದೆ ಅದನ್ನೇ ಮುಂದಿನ ಕಾರ್ಯಕ್ಕೆ ಇನ್ನೊಬ್ಬರಿಗೆ ಕೊಡುತ್ತಿದ್ದೆವು. ನಿನಗೇನು ಇಷ್ಟ ಎಂದು ಆ ಮನುಷ್ಯನನ್ನು ಯಾರೂ ಕೇಳಲಿಲ್ಲ. ಯಾರೂ ಎಂದರೆ ನಾನೂ.

ನಿಮ್ಮ ಹೊಸ ಮನೆಯ ಗೃಹಪ್ರವೇಶ ಗೊತ್ತಾದಾಗ ಅಳಿಯನಿಗೆ ಶರ್ಟು ಪ್ಯಾಂಟಿನ ಬಟ್ಟೆ ಒಯ್ಯುವುದಿಲ್ಲ ಎಂದು ತೀರ್ಮಾನ ಮಾಡಿದೆ. ನಿಮ್ಮವ್ವನಿಗೆ ಫೋನಿನಲ್ಲಿ ಹೇಳಿದರೆ ಅವಳು ಗಾಬರಿಯಾದಳು.

"ಯವ್ವಾ, ಆಟದ ಸಾಮಾನಾ? ಮಂದಿ ಏನಂದಾರು? ಜೊತಿಗೆ ಒಂದು ಟವೆಲ್ಲರ ಇಡು."

"ಟವೆಲ್ ಇಟ್ರ ಟವೆಲ್ಲೇ ಆಯಾರ ಆಗತೈತಿ. ಆಟದ ಸಾಮಾನು ಹುಡುಗರ ಪಾಲಾಗತೈತಿ" ಅಂದೆ.

ಕೊಟ್ಟೂರಿನಲ್ಲಿ ಹುಡುಕಿದೆ. ಅಲ್ಲಿ ಇದ್ದದ್ದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತುಂಬಿಟ್ಟ ದಪ್ಪ ದಪ್ಪ ಪೀಸುಗಳು, ಮೂರು ವರ್ಷದ ಮಕ್ಕಳ ಕೈಗೆ ಆಗುವಂಥವು. ಹೀಗೆ ಹರಪನಹಳ್ಳಿಗೆ ಹೋದದ್ದು.

ಆ ಅಂಗಡಿಯವನು ನಗುವುದನ್ನು ಮುಗಿಸಿ ಕಾರಿನ ಡಬ್ಬಿ ತೆಗೆದ. "ಗಂಡಸ್ರಿಗೆ ಅಂದ್ರೆ ಕಾರೇ. ತಗೊಳಿ, ಕಣ್ಣು ಮುಚ್ಚಿ ಕೊಡಬಹುದು."

ಕಣ್ಣು ಮುಚ್ಚಿ ಕೊಡುವುದಕ್ಕೆ ನಾನು ಯಾಕೆ ಎರಡು ಬಸ್ಸು ಹತ್ತಿ ಬರಬೇಕಿತ್ತು? ದಿನವಿಡೀ ಗಾಲಿ, ಗೇರು ಎಂದು ಎಣ್ಣೆಯಲ್ಲಿ ಕೈ ಅದ್ದುವ ಮನುಷ್ಯನಿಗೆ ಮನೆಯಲ್ಲೂ ಗಾಲಿಯೇ? ಆಮೇಲೆ ಒಂದು ದೊಡ್ಡ ಕೋಟೆ ತೋರಿಸಿದ. ಅದು ಎಷ್ಟು ದೊಡ್ಡದೆಂದರೆ ವಾರಕ್ಕೆ ಒಂದು ಮಧ್ಯಾಹ್ನ ಬಿಡುವು ಇರುವವನು ಅರ್ಧಕ್ಕೆ ಬಿಟ್ಟು, ಬಿಟ್ಟದ್ದಕ್ಕೆ ನಾಚಿ, ಅಟ್ಟಕ್ಕೆ ಹಾಕುತ್ತಾನೆ. ನಿಮ್ಮಪ್ಪ ಚಿಕ್ಕಹಗರಿ ಹೊಳೆ ದಾಟುವಾಗಲೆಲ್ಲ ಗಾಡಿ ನಿಲ್ಲಿಸಿ ಸೇತುವೆಯ ಕಂಬ ನೋಡುತ್ತಾರೆ ಎಂದು ನಿಮ್ಮವ್ವ ದೂರು ಹೇಳಿದ್ದಳು. "ಸೇತುವಿ ಐತೇನ್ರಿ?" ಎಂದು ಕೇಳಿದೆ. ಕೆಳಗಿನ ಸಾಲಿನಿಂದ ಧೂಳು ಒರೆಸಿ ತೆಗೆದುಕೊಟ್ಟ. ಎರಡು ಎತ್ತರದ ಕಂಬ, ನಡುವೆ ತೂಗುವ ದಾರಿ. ಸೀಲು ಒಡೆದಿಲ್ಲವೆಂದು ನೋಡಿದೆ. ಕಟ್ಟುವ ಪುಸ್ತಕದಲ್ಲಿ ಚಿತ್ರಗಳಷ್ಟೇ ಇವೆ, ಇಂಗ್ಲಿಷು ಓದಬೇಕಾಗಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಡಬ್ಬಿಯ ಮೂಲೆಯಲ್ಲಿ ಹದಿನೆಂಟು ಎಂಬ ಅಂಕಿ ಇತ್ತು.

"ಇದು ಏನ್ರಿ?"

"ಹದಿನೆಂಟು ತುಂಬಿದೋರಿಗೆ ಅಂತ" ಎಂದ.

"ಮತ್ತ ನನಗ ಹುಡುಗನ ವಯಸ್ಸು ಕೇಳಿದ್ರಿ!"

ಅವನು ಆಗ ನಗಲಿಲ್ಲ.

ಗೃಹಪ್ರವೇಶದ ದಿನದ್ದು ನೀವು ನೋಡಿದ್ದು. ನಮ್ಮ ಕಡೆ ಆಯಾರ ಮಾಡುವಾಗ ಬಂದವರು ಏನು ತಂದರೆಂದು ಮೈಕಿನಲ್ಲಿ ಕೂಗುತ್ತಾರಲ್ಲ, ಅವತ್ತು ಮೈಕು ಹಿಡಿದವರು ನಿಮ್ಮಪ್ಪನ ಸೋದರಮಾವ. ನನ್ನ ತಟ್ಟೆ ಎತ್ತಿ ಹಿಡಿದು ಕೂಗಿದರು: "ಉಜ್ಜಿನಿಯ ಬೀಗರಿಂದ ಮಗಳಿಗೆ ರೇಷ್ಮಿ ಸೀರಿ! ಮೊಮ್ಮಕ್ಕಳಿಗೆ ಆಟಿಕಿ ಸಾಮಾನು!" ಡಬ್ಬಿ ನಿಮ್ಮ ಕೈಗೆ ಬಂತು. ಆಮೇಲೆ ಅವರು ತಟ್ಟೆಯಲ್ಲಿ ಹುಡುಕಿದರು. ಎಲೆ ಅಡಿಕೆ, ಕಾಯಿ ಬಿಟ್ಟರೆ ಏನೂ ಇಲ್ಲ. ತವರಿನವರು ಅಳಿಯನಿಗೆ ಒಂದು ಟವೆಲ್ಲನ್ನೂ ತಂದಿಲ್ಲ ಎಂಬುದು ಪೆಂಡಾಲಿನ ಕೊನೆಯವರೆಗೂ ಹೋಯಿತು. ನಿಮ್ಮಪ್ಪ ತಲೆ ತಗ್ಗಿಸಿದರು.

ನಿಮ್ಮ ದೊಡ್ಡಪ್ಪ ಕೇಳಿಯೇಬಿಟ್ಟರು. "ಏನ್ರಿ ಬೀಗತಿ, ನಮ್ಮ ತಮ್ಮಗ ಏನೂ ಇಲ್ಲೇನು?"

ನಾನು ಎದ್ದು ನಿಂತೆ. "ಆ ಡಬ್ಬಿ ಅಳಿಯಾರಿಗೆ ತಂದದ್ದು ರೀ. ಹುಡುಗರಿಗಲ್ಲ. ಮ್ಯಾಲೆ ಹದಿನೆಂಟು ಅಂತ ಬರದೈತಿ, ಓದ್ರಿ."

ಆ ನಗು ನಿಮಗೆ ನೆನಪಿರಬೇಕು. "ಲೇ ತಮ್ಮಾ," ಎಂದರು ದೊಡ್ಡಪ್ಪ, "ಮುಂದಿನ ಸಲ ನಿಮ್ಮತ್ತಿ ತೊಟ್ಟಿಲಾ ತರ್ತಾಳ ನೋಡಲೇ! ಜೋಗುಳಕ್ಕ ನಮ್ಮನ್ನೂ ಕರಿ!"

ಅದನ್ನು ತಡೆದುಕೊಂಡೆ. ತಡೆಯಲಾಗದ್ದು ನಿಮ್ಮಪ್ಪ ಅಂದ ಮಾತು. "ಇಲ್ಲ ಬಿಡಣ್ಣ, ಹುಡುಗ್ರಿಗೇ ತಂದಾರ. ಅತ್ತಿಯಾರು ಹೇಳಾಕ ಬರದ ಹಂಗ ಅಂದ್ರು."

ಹೇಳಲು ಬರದೆ! ಜನ್ಮದಲ್ಲಿ ಒಂದು ಸಲ ಸಭೆಯಲ್ಲಿ ಸರಿಯಾಗಿ ಹೇಳಿದ್ದೆ. ಊಟಕ್ಕೆ ಕೂತವಳು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ನನಗಾದ ಅವಮಾನ ಹಾಗಿರಲಿ. ತನಗೆ ಬೇಕಾದದ್ದನ್ನು ಕೈಯಲ್ಲಿಟ್ಟರೂ ಬೇಡ ಎನ್ನುವ ಹಾಗೆ ಒಬ್ಬ ಗಂಡಸನ್ನು ಮಾಡಿಟ್ಟಿದ್ದೇವಲ್ಲ, ನಾವೆಲ್ಲ ಸೇರಿ!

ಮರುದಿನ ನೀವು ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಶಾಲೆಗೆ ಹೋಗಿದ್ದಿರಿ, ನಿಮ್ಮಪ್ಪ ಅಂಗಡಿಗೆ ಹೋಗಿರಲಿಲ್ಲ, ನಿಮ್ಮವ್ವ ಪಾತ್ರೆ ಹಿಂದಿರುಗಿಸಲು ಹೋಗಿದ್ದಳು. ಮಧ್ಯಾಹ್ನ ನಡುಮನೆಯ ಪಕ್ಕದ ಕೋಣೆಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಒಳಗೆ ಪೀಸುಗಳಲ್ಲಿ ಕೈಯಾಡಿಸುವ ಸದ್ದು. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲು ನಡುವೆ ಇದ್ದದ್ದು ನನಗೆ ಅನುಕೂಲವೇ ಆಯಿತು.

"ಅಳಿಯಾರ, ಚಿಲಕ ತಗೀರಿ."

ಸದ್ದು ನಿಂತಿತು. "ಏನ್ ಬೇಕಾಗಿತ್ರಿ ಅತ್ತಿ?"

"ನನಗೇನೂ ಬ್ಯಾಡ. ಚಿಲಕ ಹಾಕ್ಕೊಂಡು ಮಾಡೋ ಕೆಲಸ ಅಲ್ಲ ಅದು."

"ಮಂದಿ ಬರ್ತಾರ್ರಿ."

"ಬರ್ಲಿ. ಕಟ್ಟಿ ಮ್ಯಾಲೆ ಕುಂತು ದಿನಾ ಇಸ್ಪೀಟು ಬಡಿತಾರಲ್ಲ, ಅವರು ಚಿಲಕ ಹಾಕ್ಕೊಂತಾರೇನು? ತಲಿ ನರೆತೋರು ಹೊಲದಾಗ ವಿಕೆಟ್ ನೆಟ್ಟು ಕ್ರಿಕೆಟ್ ಆಡ್ತಾರ, ಅವರಿಗೆ ಯಾರಾನ ತೊಟ್ಟಿಲಾ ತರ್ತೀನಿ ಅಂದ್ರೇನು? ನಿಮಗ್ಯಾಕ್ರಿ ಬಾಗಲಾ?"

ಅಷ್ಟು ಮಾತನ್ನು ನಾನು ನಿಮ್ಮಪ್ಪನ ಜೊತೆ ಅವರ ಮದುವೆಯಾದಾಗಿನಿಂದ ಆಡಿರಲಿಲ್ಲ. ಆಡಿದ ಮೇಲೆ ನನಗೇ ಹೆದರಿಕೆಯಾಗಿ ಅಡುಗೆ ಮನೆಗೆ ಹೋಗಿಬಿಡೋಣ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು, ಬಾಗಿಲು ಒಂದು ಗೇಣು ಸರಿಯಿತು. ನಾನು ಅದನ್ನು ಗೋಡೆಗೆ ಹತ್ತುವ ತನಕ ತಳ್ಳಿ, ಮೊರದಲ್ಲಿ ಅಕ್ಕಿ ಹಾಕಿಕೊಂಡು, ಹೊಸ್ತಿಲ ಈಚೆ, ಅವರ ಕಡೆ ಬೆನ್ನು ಮಾಡಿ ಕೂತೆ.

ಸೇತುವೆಯ ಒಂದು ಕಂಬ ಎದ್ದಿರಬೇಕು, ಆಗ ನಿಮ್ಮ ದೊಡ್ಡಪ್ಪ ಬಂದರು. ಪೆಂಡಾಲಿಗೆ ಕೊಟ್ಟಿದ್ದ ಜಮಖಾನೆಗಳನ್ನು ಒಯ್ಯಲು ಬಂದವರು ಸೀದಾ ನಡುಮನೆಗೆ ಬಂದು, ನನ್ನ ತಲೆಯ ಮೇಲಿಂದ ಕೋಣೆಯೊಳಗೆ ನೋಡಿದರು.

"ಏನಲೇ ಇದು? ಖರೇವಂದ್ರೂ ಆಟ ಆಡಾಕತ್ತೀಯೇನು?"

ನನ್ನ ಕೈ ಅಕ್ಕಿಯಲ್ಲೇ ನಿಂತಿತು. ತಿರುಗಿ ನೋಡಲಿಲ್ಲ. ಹಿಂದಿನಿಂದ ಒಂದು ಪೀಸು ಕಟ್ಟೆಂದು ಕೂತ ಸದ್ದು ಕೇಳಿತು.

"ಹೂಂ ಅಣ್ಣ, ಆಡಾಕತ್ತೀನಿ" ಎಂದರು ನಿಮ್ಮಪ್ಪ. "ಜಮಖಾನಿ ಆ ಮೂಲ್ಯಾಗ ಅದಾವ ನೋಡು, ತಗೊಂಡು ಹೋಗು."

ದೊಡ್ಡಪ್ಪ ಜಮಖಾನೆ ಹೆಗಲಿಗೇರಿಸಿ ಹೊರಟರು. ಹೋಗುವಾಗ, ತಮ್ಮನ ಮರ್ಯಾದೆ ಉಳಿಸಲೆಂದೋ ಏನೋ, ತಲೆಬಾಗಿಲನ್ನು ಮುಂದಕ್ಕೆ ಎಳೆದುಕೊಂಡರು. ನಾನು ಎದ್ದು ಹೋಗಿ ಅದನ್ನೂ ತೆರೆದಿಟ್ಟೆ.