ಮೈಕ್ ಮಿಸ್ ತರಗತಿಗೆ ತಂದ ದನಿಗಳು

ಹನ್ನೆರಡು ವರ್ಷ ಅವಳು ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳಿದವಳು. ಒಮ್ಮೆ ನಮ್ಮ ಭಾಷೆಯಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ. ಊರಿನ ಅರ್ಧ ಜನಕ್ಕೆ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ಒಂದು ಬೆಳಿಗ್ಗೆ ಆ ದನಿಯನ್ನೇ ಮೂರು ಗಂಟೆ ಹೊತ್ತು ಯಂತ್ರಕ್ಕೆ ತುಂಬಿಸಿಕೊಂಡು, "ಇನ್ನು ನೀವು ಬರೋದು ಬೇಡಮ್ಮ, ಇದೇ ಹೇಳ್ಕೊಳ್ಳುತ್ತೆ" ಎಂದು ಕಳಿಸಿಬಿಟ್ಟರು. ಆಗ ಅವಳಿಗೆ ನಲವತ್ತೊಂದು ವರ್ಷ.

ಮನೆಯಲ್ಲಿ ಎರಡು ತಿಂಗಳು ಕೂತಳು. ಕೂತಳು ಅನ್ನುವುದು ಬರೀ ಮಾತಿಗೆ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದ್ದೇ ಓಡಾಡಿದ್ದು. ಅವಳ ಅತ್ತೆ ಮೂವತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ರೋಗಿಗಳನ್ನು ಹದ್ದುಬಸ್ತಿನಲ್ಲಿ ಇಟ್ಟ ಅಭ್ಯಾಸ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯೇನೇ? ನಿನ್ನ ನೋಡಿ ನೋಡಿ ನಂಗೆ ತಲೆ ಸುತ್ತುತ್ತೆ" ಎಂದರು. ಗಂಡನಿಗೆ ಕನ್ನಡಕದ ಅಂಗಡಿ. ಹತ್ತಿರದ ಶಾಲೆಯಲ್ಲಿ ಮೂರನೇ ತರಗತಿಯ ಇಂಗ್ಲಿಷ್ ಟೀಚರು ಹೆರಿಗೆ ರಜೆಗೆ ಹೋಗುತ್ತಿದ್ದಾರಂತೆ ಎಂಬ ಸುದ್ದಿ ತಂದವನು ಅವನೇ. ಅವಳು ದೂರ ಶಿಕ್ಷಣದಲ್ಲಿ ಇಂಗ್ಲಿಷ್ ಪದವಿ ಮಾಡಿದ್ದಳು, ಶಿಕ್ಷಕರ ತರಬೇತಿಯನ್ನೂ ಮುಗಿಸಿದ್ದಳು. ಎರಡೂ ಪ್ರಮಾಣಪತ್ರ ಬೀರುವಿನ ತಳದಲ್ಲಿ ಹಳದಿಗಟ್ಟಿದ್ದವು.

ಮುಖ್ಯೋಪಾಧ್ಯಾಯಿನಿ ಅವನ್ನು ತಿರುವಿ ನೋಡಿ, "ಒಂದು ವರ್ಷಕ್ಕೆ ಮಾತ್ರ. ಮಕ್ಕಳಿಗೆ ಓದೋಕೆ ಬರೆಯೋಕೆ ಬರುತ್ತೆ. ಕೇಳಿ ಅರ್ಥ ಮಾಡ್ಕೊಳ್ಳೋದು ಮಾತ್ರ ಸೊನ್ನೆ. ಈ ವರ್ಷದಿಂದ ಅದಕ್ಕೂ ಪರೀಕ್ಷೆ ಇಟ್ಟಿದಾರೆ. ಮಾತಾಡೋದೇ ನಿಮ್ಮ ಕಸುಬಾಗಿತ್ತಲ್ಲ, ನೋಡ್ಕೊಳ್ಳಿ" ಎಂದರು.

ಮೂವತ್ತೆಂಟು ಮಕ್ಕಳು. ಮೊದಲ ದಿನ ಅವಳ ಅಂಗೈ ಬೆವರಿ ಸೀಮೆಸುಣ್ಣ ಒದ್ದೆಯಾಯಿತು. ಗಾಜಿನ ಕೋಣೆಯಲ್ಲಿ ಅವಳು ಹೇಳಿದ್ದನ್ನು ಕೇಳಿದವರು ಬಸ್ಸು ಹತ್ತಿ ಹೋಗುತ್ತಿದ್ದರು, ಯಾರೂ ಎದುರು ಕೂತು ಅವಳನ್ನೇ ನೋಡುತ್ತಿರಲಿಲ್ಲ. ಇಲ್ಲಿ ಎಪ್ಪತ್ತಾರು ಕಣ್ಣು. ಅವಳು ಇಂಗ್ಲಿಷಿನಲ್ಲಿ ಒಂದು ಪುಟ್ಟ ಕಥೆ ಹೇಳಿ, "ಅರ್ಥ ಆಯ್ತಾ?" ಎಂದಳು.

"ಯೆಸ್ ಮಿಸ್!"

ಖುಷಿಯಾಯಿತು. ಇನ್ನೊಂದು ಹೇಳಿದಳು. ಅದಕ್ಕೂ "ಯೆಸ್ ಮಿಸ್!" ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿ, ಇಂಗ್ಲಿಷಿನಲ್ಲೇ, "ನೀವೆಲ್ಲ ಆನೆಗಳೇನು?" ಎಂದು ಕೇಳಿದಳು.

"ಯೆಸ್ ಮಿಸ್!"

ಅಂದಿನಿಂದ ಅವಳು ಅರ್ಥವಾಯಿತಾ ಎಂದು ಕೇಳುವುದನ್ನೇ ಬಿಟ್ಟಳು. ಬದಲಿಗೆ ಕೆಲಸ ಹೇಳತೊಡಗಿದಳು. ಪೆನ್ಸಿಲ್ ಕಿವಿಯ ಹಿಂದೆ ಇಡು, ಬಾಗಿಲ ಹತ್ತಿರ ಹೋಗಿ ಎರಡು ಸಲ ಬಡಿ, ಮೇಜಿನ ಕೆಳಗೆ ಕೆಂಪು ಚೆಂಡು ಬರಿ, ಚೆಂಡಿನ ಮೇಲೆ ಬೆಕ್ಕು ಕೂರಿಸು. ಎಲ್ಲ ಇಂಗ್ಲಿಷಿನಲ್ಲಿ. ಕೇಳಿಸಿದವನ ಬೆಕ್ಕು ಚೆಂಡಿನ ಮೇಲೆ ಕೂರುತ್ತಿತ್ತು, ಕೇಳಿಸದವನದು ಎಲ್ಲೋ ಆಕಾಶದಲ್ಲಿ ತೇಲುತ್ತಿತ್ತು. ಯಾರಿಗೆಷ್ಟು ಅರ್ಥವಾಯಿತೆಂದು ಹಾಳೆ ನೋಡಿದರೆ ಸಾಕು. ಮಕ್ಕಳಿಗೆ ಹಬ್ಬ. ಅವಳು ಬೆಂಚುಗಳ ನಡುವೆ ಸುತ್ತುತ್ತಾ, ಒಂದೊಂದು ಪದವನ್ನೂ ಬಿಡಿಸಿ, ಎಳೆದು, ಮೈಕಿನ ಮುಂದೆ ಇದ್ದಂತೆಯೇ ಹೇಳುತ್ತಿದ್ದಳು. ಥರ್ಟಿ ಬೇರೆ, ಥರ್‌... ಟೀನ್ ಬೇರೆ. ತಿಂಗಳೊಪ್ಪತ್ತಿನಲ್ಲಿ ಮಕ್ಕಳು ಅವಳಿಗೆ ಮೈಕ್ ಮಿಸ್ ಎಂದು ಹೆಸರಿಟ್ಟರು.

ವರ್ಷದ ನಡುವೆ ಮೊದಲ ಕೇಳುವ ಪರೀಕ್ಷೆ ಬಂತು. ಹತ್ತು ಪ್ರಶ್ನೆ, ಒಂದೊಂದಕ್ಕೂ ಮೂರು ಚಿತ್ರ. ಧ್ವನಿಮುದ್ರಣವನ್ನು ಎರಡು ಸಲ ಕೇಳಿ ಸರಿಯಾದ ಚಿತ್ರಕ್ಕೆ ಗುರುತು ಹಾಕಬೇಕು. ಅವಳು ಗುಂಡಿ ಒತ್ತಿದಳು. ಶಾಲೆಯ ಹಳೆಯ ಸ್ಪೀಕರು ಒಮ್ಮೆ ಕಿರುಚಿ ಸುಮ್ಮನಾಯಿತು. ಬಡಿದಳು, ತಂತಿ ಬದಲಿಸಿದಳು, ಊಹೂಂ. ಯಂತ್ರ ಕೆಟ್ಟರೆ ಶಿಕ್ಷಕರೇ ಓದಬಹುದು ಎಂಬ ಸೂಚನೆಯೊಂದಿಗೆ ಪ್ರಶ್ನೆಪತ್ರಿಕೆಯ ಲಕೋಟೆಯಲ್ಲಿ ಧ್ವನಿಮುದ್ರಣದ ಬರಹವೂ ಇತ್ತು. ಅವಳು ಓದಿದಳು.

ಮೂವತ್ತೈದು ಮಕ್ಕಳಿಗೆ ಹತ್ತಕ್ಕೆ ಹತ್ತು.

ಮುಖ್ಯೋಪಾಧ್ಯಾಯಿನಿ ಅಂಕಪಟ್ಟಿಯನ್ನು ದೊಡ್ಡದಾಗಿ ಮುದ್ರಿಸಿ ಗೇಟಿನ ಪಕ್ಕದ ಫಲಕದಲ್ಲಿ ಹಾಕಿಸಿದರು. ತಂದೆತಾಯಂದಿರು ನಿಂತು ಓದಿದರು. ಬೇರೆ ತರಗತಿಯ ಟೀಚರುಗಳು, "ಏನ್ ಮಂತ್ರ ಹಾಕಿದ್ರಿ, ನಮಗೂ ಹೇಳ್ಕೊಡಿ" ಎಂದರು. ಅವಳು ನಕ್ಕಳು. ಆದರೆ ಆವತ್ತಿನಿಂದ ಊಟ ರುಚಿಸಲಿಲ್ಲ. ಓದುವಾಗ ಏನಾಗಿತ್ತೆಂದು ಅವಳಿಗೆ ಗೊತ್ತಿತ್ತು. ಒಂದು ಪ್ರಶ್ನೆಯಲ್ಲಿ ಲೋಟ ಮೊದಲು ಮೇಜಿನ ಮೇಲಿತ್ತು, ಈಗ ಕುರ್ಚಿಯ ಕೆಳಗಿದೆ. ಅವಳ ನಾಲಿಗೆ ಮೇಜನ್ನು ಸರ್ರನೆ ದಾಟಿ, "ಅಂಡರ್... ದಿ... ಚೇರ್" ಎಂದು ಕುರ್ಚಿಯ ಕೆಳಗೇ ಬಿಡಾರ ಹೂಡಿತ್ತು. ಬೇಕೆಂದು ಮಾಡಿದ್ದಲ್ಲ. ಆದರೂ ಉತ್ತರವನ್ನು ಬಾಯಿಗೆ ತುತ್ತಿಟ್ಟ ಹಾಗೆ ಇಟ್ಟಿದ್ದಳು.

ಫಲಕದ ಮುಂದೆ ಹಾಯಬಾರದೆಂದು ಹಿಂದಿನ ಬಾಗಿಲಿನಿಂದ ಶಾಲೆಗೆ ಬರತೊಡಗಿದಳು. ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. "ಏನಾಗಿದೆ ನಿಂಗೆ? ಜ್ವರ ಇಲ್ಲ, ನಾಡಿ ಸರಿಯಿದೆ" ಎಂದು ಅತ್ತೆ ಕೈ ಹಿಡಿದು ನೋಡಿ ಬಿಟ್ಟರು.

ಹತ್ತು ದಿನ ತಡೆದಳು. ಹನ್ನೊಂದನೆಯ ದಿನ ಗಂಡನ ಅಂಗಡಿಯ ಸ್ಪೀಕರನ್ನು ಚೀಲದಲ್ಲಿಟ್ಟುಕೊಂಡು ಬಂದು, ತರಗತಿಯ ಬಾಗಿಲು ಹಾಕಿ, ಅದೇ ಪರೀಕ್ಷೆಯ ಅಸಲು ಧ್ವನಿಮುದ್ರಣ ಹಚ್ಚಿದಳು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಲಗುಬಗೆಯಿಂದ ಮಾತಾಡುತ್ತಿದ್ದರು. ಪದಗಳು ಒಂದರ ಬಾಲ ಒಂದು ಕಚ್ಚಿಕೊಂಡು ಓಡುತ್ತಿದ್ದವು. ಮಕ್ಕಳು ಪೆನ್ಸಿಲ್ ಹಿಡಿದು ಅವಳ ಮುಖ ನೋಡಿದರು. ತಾವು ಒಮ್ಮೆ ಪೂರ್ತಿ ಅಂಕ ತೆಗೆದ ಪ್ರಶ್ನೆಗಳೇ ಇವು ಎಂಬುದೂ ಹೆಚ್ಚಿನವರಿಗೆ ಹೊಳೆಯಲಿಲ್ಲ.

"ಮಿಸ್, ಪಿಕಿಟಪ್ ಅಂದ್ರೆ ಯಾವ ಪ್ರಾಣಿ?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಪಿಕ್, ಇಟ್, ಅಪ್ ಎಂಬ ಮೂರು ಪದ ಅವನ ಕಿವಿಯಲ್ಲಿ ಒಂದೇ ಮೃಗವಾಗಿತ್ತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹಾಳೆ ತಿದ್ದಿದಾಗ ನಗು ಹೋಯಿತು. ಐದಕ್ಕಿಂತ ಹೆಚ್ಚು ಬಂದವರು ಆರೇ ಜನ.

ಕಿಟಕಿ ಪಕ್ಕದಲ್ಲಿ ಕೂರುವ ಒಬ್ಬ ಹುಡುಗಿಯನ್ನು ಎಲ್ಲರೂ ಪಿಸುಮಾತು ಎಂದೇ ಕರೆಯುತ್ತಿದ್ದರು. ಅವಳ ಮಾತು ಪಕ್ಕದವರಿಗೂ ಕೇಳುತ್ತಿರಲಿಲ್ಲ. ಹತ್ತಕ್ಕೆ ಹತ್ತು ತೆಗೆದಿದ್ದವಳು, ಈಗ ಎರಡು. ಮಿಸ್ ಅವಳ ಪಕ್ಕ ಹೋಗಿ ಬಗ್ಗಿ, "ಯಾವುದು ಕೇಳಿಸ್ಲಿಲ್ಲ ಪುಟ್ಟಿ?" ಎಂದಳು.

"ಎಲ್ಲಾ ಕೇಳಿಸ್ತು ಮಿಸ್. ಅವ್ರು ನಮಗೋಸ್ಕರ ನಿಲ್ಲೋದೇ ಇಲ್ಲ."

ಅಂದೇ ಅವಳು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದಳು. "ಮೇಡಂ, ಆ ಅಂಕ ನನ್ನ ಬಾಯಿಗೆ ಬಂದಿದ್ದು, ಮಕ್ಕಳ ಕಿವಿಗಲ್ಲ. ಫಲಕದಿಂದ ತೆಗಿಸಿ. ಇನ್ನೊಂದು ಸಲ ಪರೀಕ್ಷೆ ಮಾಡೋಣ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ನಿಯಮದ ಪ್ರಕಾರವೇ ಓದಿದೀರಿ ತಾನೇ?"

"ಹೌದು."

"ಮತ್ತೇನು? ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಾಗಾಯ್ತು ನಿಮ್ಮ ಕಥೆ. ಈಗ ಪಟ್ಟಿ ಕಿತ್ತರೆ ಜನ ಏನಂತಾರೆ? ವರ್ಷದ ಕೊನೆಗೆ ಎರಡನೇ ಪರೀಕ್ಷೆ ಇದೆ, ಹತ್ತು ವಾರ ಟೈಮಿದೆ. ಆವಾಗ ಹೊಸ ಸ್ಪೀಕರ್ ಇರುತ್ತೆ, ಹೊರಗಿನ ಟೀಚರೇ ಬಂದು ನಡೆಸ್ತಾರೆ. ಅಂಕ ಬಿದ್ದರೆ ಮಾತ್ರ ಮುಂದಿನ ವರ್ಷದ ವಿಷಯದಲ್ಲಿ ನನ್ನ ಕೇಳ್ಬೇಡಿ."

ಅವಳು ಕಾರಿಡಾರಿನಲ್ಲಿ ಮೂರು ಸಲ ಆ ತುದಿಯಿಂದ ಈ ತುದಿಗೆ ನಡೆದಳು. ಧ್ವನಿಮುದ್ರಣ ಮತ್ತೆ ಮತ್ತೆ ಕೇಳಿಸಬಹುದಿತ್ತು. ಕೇಳಿಸಿದಳು ಕೂಡ. ಆದರೆ ಮುಖವಿಲ್ಲದ ದನಿ ಮಕ್ಕಳಿಗೆ ಗೋಡೆಯಾಚೆಯ ಗದ್ದಲದ ಹಾಗೆ. ಎರಡೇ ನಿಮಿಷಕ್ಕೆ ಆಕಳಿಸತೊಡಗಿದರು. ಮೊದಲು ಮನುಷ್ಯರ ದನಿ ಕೇಳಿಸಬೇಕು, ತನ್ನದಲ್ಲದ ದನಿ, ಯಾರಿಗಾಗಿಯೂ ನಿಲ್ಲದ ದನಿ. ಅಂಥವರು ಎಲ್ಲಿದ್ದಾರೆ?

ಮೊದಲು ಸಿಕ್ಕಿದವನು ಗೇಟಿನ ಕಾವಲುಗಾರ. ಅವನು ಹದಿನೈದು ವರ್ಷ ಸರಕು ಹಡಗಿನಲ್ಲಿ ಹಗ್ಗ ಎಳೆದವನು. ನಾನಾ ದೇಶದವರೊಡನೆ ಬೈದಾಡಿ ಕಲಿತ ಇಂಗ್ಲಿಷು. "ಬೈಗುಳ ಬಿಟ್ಟು ಬೇರೇನಾದ್ರೂ ಬರುತ್ತಾ ಅಣ್ಣ?" ಎಂದು ಕೇಳಿಕೊಂಡೇ ಒಳಗೆ ಕರೆದಳು. ಅವನು ಬಂದು ಹಡಗಿನ ಚಿತ್ರ ಬರೆದು, ಯಾವ ಪೆಟ್ಟಿಗೆ ಎಲ್ಲಿಡಬೇಕೆಂದು ಗುಡುಗಿದ. ಮಕ್ಕಳು ಬೆಂಚಿನ ಮೇಲೆ ಡಬ್ಬಿಗಳನ್ನು ಇಟ್ಟು, ತಪ್ಪಿ, ಮತ್ತೆ ಇಟ್ಟರು. ಅವನಿಗೆ ತಾಳ್ಮೆಯೇ ಇಲ್ಲ. "ಕ್ವಿಕ್, ಕ್ವಿಕ್! ಶಿಪ್ ಗೋಯಿಂಗ್!" ಎಂದು ಮೇಜು ಬಡಿಯುತ್ತಿದ್ದ. ಪಿಕಿಟಪ್ ಎಂದರೇನೆಂದು ಹಿಂದಿನ ಬೆಂಚಿನವನಿಗೆ ತಿಳಿದದ್ದು ಆಗಲೇ; ಬಗ್ಗಿ ಡಬ್ಬಿ ಎತ್ತಿಕೊಂಡ.

ಆಮೇಲೆ ಗಂಡ ಬಂದ. ಕಣ್ಣು ಪರೀಕ್ಷೆಯ ಇಂಗ್ಲಿಷು ಅವನದು, ಮೆತ್ತಗೆ, ಮೂಗಿನಲ್ಲಿ: ಇದು ವಾಸಿಯೋ, ಅದು ವಾಸಿಯೋ, ಮೂರನೇ ಸಾಲು ಓದು, ಎಡಗಣ್ಣು ಮುಚ್ಚು. ಮರುವಾರ ಅತ್ತೆ. ಕರೆದಾಗ, "ನಂಗೆಲ್ಲಿ ಬರುತ್ತೆ ಇಂಗ್ಲಿಷು, ಹುಚ್ಚಿ" ಎಂದಿದ್ದವರು, ತರಗತಿಗೆ ಕಾಲಿಟ್ಟದ್ದೇ ಸೆರಗು ಬಿಗಿದು, "ನೋ ನಾಯ್ಸ್! ಸಿಟ್ ಇನ್ ಲೈನ್! ಹೂ ಈಸ್ ಫಸ್ಟ್?" ಎಂದರು. ಮೂವತ್ತೆಂಟು ಮಕ್ಕಳು ಗಪ್‌ಚಿಪ್. ನಾಲಿಗೆ ಚಾಚು, ಉಸಿರು ಹಿಡಿ, ಅಂಗಿ ತೋಳು ಮಡಿಸು, ಅಲುಗಾಡಬೇಡ. ಒಬ್ಬ ಹುಡುಗನಿಗೆ ಉಸಿರು ಹಿಡಿ ಅಂದದ್ದು ತಿಳಿಯಿತು, ಬಿಡು ಅಂದದ್ದು ತಿಳಿಯದೆ ಅವನು ಕೆಂಪಾಗಿ ಕೂತಿದ್ದ. ಅತ್ತೆ ಬೆನ್ನಿಗೊಂದು ಕೊಟ್ಟು, "ಬ್ರೀದ್, ಮೈ ಸನ್, ಬ್ರೀದ್!" ಎಂದರು.

ಈ ಎಲ್ಲ ಪಾಠಗಳಲ್ಲಿ ಅತಿ ಕಷ್ಟ ಅವಳಿಗೇ ಆಯಿತು. ಬಾಯಿ ಮುಚ್ಚಿಕೊಂಡು ಕೂರಬೇಕು. ಯಾವುದಾದರೂ ಮಗು ಕಕ್ಕಾಬಿಕ್ಕಿಯಾದಾಗ ಅವಳ ನಾಲಿಗೆಯ ತುದಿಗೆ ಉತ್ತರ ಬಂದು ನಿಲ್ಲುತ್ತಿತ್ತು. ಸೆರಗಿನ ಅಂಚು ಹಿಸುಕಿ ಹಿಸುಕಿ ನೂಲು ಬಿಟ್ಟಿತ್ತು. ಬದಲಿಗೆ ಮಕ್ಕಳಿಗೆ ತಿರುಗಿ ಪ್ರಶ್ನೆ ಕೇಳಲು ಕಲಿಸಿದಳು: ಇನ್ನೊಂದು ಸಲ ಹೇಳಿ, ನಿಧಾನ ಹೇಳಿ, ಮೇಜಿನ ಮೇಲೋ ಕೆಳಗೋ? ಇಷ್ಟನ್ನು ಇಂಗ್ಲಿಷಿನಲ್ಲಿ ಕೇಳಲು ಬಂದರೆ ಯಾರನ್ನು ಬೇಕಾದರೂ ನಿಲ್ಲಿಸಬಹುದು. ಪಿಸುಮಾತು ಕೂಡ ಒಮ್ಮೆ ಎದ್ದು ನಿಂತು, ಕಾವಲುಗಾರನಿಗೆ "ಸ್ಲೋಲಿ, ಪ್ಲೀಸ್" ಎಂದಳು. ಅವನಿಗೆ ಕೇಳಿಸಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಹೇಳಬೇಕಾಯಿತು. ಹೇಳಿದಳು.

ಆರನೇ ವಾರ ಬಣ್ಣದಂಗಡಿಯ ಮಾಲೀಕನೊಬ್ಬ ಶಾಲೆಗೆ ಬಂದ. ಅವನ ಮಗಳು ಇದೇ ತರಗತಿಯವಳು. ಮುಖ್ಯೋಪಾಧ್ಯಾಯಿನಿಯ ಎದುರೇ, "ವಾಚ್‌ಮನ್ನು, ಆಯಾ ಇಂಗ್ಲಿಷ್ ಹೇಳ್ಕೊಡೋದಾದ್ರೆ ಸ್ಕೂಲ್ ಯಾಕ್ರೀ ಬೇಕು? ನನ್ನ ಮಗಳು ಮನೇಲಿ 'ಶಿಪ್ ಗೋಯಿಂಗ್' ಅಂತಾಳೆ!" ಎಂದು ಕೂಗಾಡಿದ.

"ಅವಳು ಹಾಗೆ ಹೇಳೋದು ತಪ್ಪು, ಸರ್. ಅದನ್ನ ನಾನು ತಿದ್ತೀನಿ" ಎಂದಳು ಮೈಕ್ ಮಿಸ್. "ಆದ್ರೆ ಬೇರೆಯವ್ರು ಹಾಗೆ ಹೇಳಿದಾಗ ಅವಳಿಗೆ ಅರ್ಥ ಆಗಬೇಕಲ್ವಾ? ನಿಮ್ಮ ಅಂಗಡಿಗೆ ಬರೋರೆಲ್ಲ ಪುಸ್ತಕ ಓದಿದ ಹಾಗೆ ಮಾತಾಡ್ತಾರಾ?"

ಅವನು ಮೀಸೆ ತಿರುವಿದ. "ಯಾರೂ ಮಾತಾಡಲ್ಲ" ಎಂದು ಒಪ್ಪಿ, ಆದರೂ ದೂರನ್ನು ಬರೆದುಕೊಟ್ಟೇ ಹೋದ. ಮುಖ್ಯೋಪಾಧ್ಯಾಯಿನಿ ಅದನ್ನು ಅವಳ ಕಡತದಲ್ಲಿ ಸೇರಿಸಿದರು.

ಕೊನೆಯ ನಾಲ್ಕು ವಾರ ಮನುಷ್ಯರ ದನಿಯಿಂದ ಧ್ವನಿಮುದ್ರಣಕ್ಕೆ ಹೋದಳು. ಅತ್ತೆಯ ದನಿಯನ್ನೇ ಫೋನಿನಲ್ಲಿ ಹಿಡಿದು ತಂದು ಕೇಳಿಸಿದಳು, ಮುಖ ಕಾಣದೆಯೂ ಮಕ್ಕಳು ಗುರುತಿಸಿ ಬೆನ್ನು ನೆಟ್ಟಗೆ ಮಾಡಿ ಕೂತರು. ಆಮೇಲೆ ಅಪರಿಚಿತರ ದನಿ. ಪರೀಕ್ಷೆ ಹತ್ತಿರ ಬಂದಂತೆ ಅವಳಿಗೆ ಮತ್ತೆ ಊಟ ಸೇರದಾಯಿತು.

ಪರೀಕ್ಷೆಯ ದಿನ ಹೊರಗಿನ ಟೀಚರು ಬಾಗಿಲು ಹಾಕಿಕೊಂಡರು. ಅವಳು ಕಾರಿಡಾರಿನಲ್ಲಿ ಉಳಿದಳು. ಒಳಗಿನ ಸ್ಪೀಕರಿನ ಮಾತು ಮಸುಕಾಗಿ ಕೇಳುತ್ತಿತ್ತು, ಬಹಳ ಬೇಗ ಬೇಗ ಹೇಳುತ್ತಿದೆ ಅನ್ನಿಸಿತು. ಕಂಬಕ್ಕೆ ಒರಗಿದಳು, ನೀರು ಕುಡಿದಳು, ಕುಡಿದ ಲೋಟವನ್ನು ಎಲ್ಲಿಟ್ಟೆನೆಂದು ಮರೆತಳು. ಬಾಗಿಲು ತೆರೆದಾಗ ಮಕ್ಕಳು ಅವಳನ್ನು ತಳ್ಳಿಕೊಂಡು ಆಟಕ್ಕೆ ಓಡಿದರು. ಒಬ್ಬರೂ ಪರೀಕ್ಷೆಯ ಮಾತೆತ್ತಲಿಲ್ಲ.

ಫಲಿತಾಂಶ ಬಂದಾಗ ಹತ್ತಕ್ಕೆ ಹತ್ತು ಬಂದವರು ಒಂಬತ್ತು ಜನ. ಹೆಚ್ಚಿನವರು ಆರು, ಏಳು. ಪಿಸುಮಾತಿಗೆ ಏಳು. ಮೂವರು ನಾಲ್ಕನ್ನೂ ದಾಟಲಿಲ್ಲ. ಅವರಲ್ಲಿ ಬಣ್ಣದಂಗಡಿಯವನ ಮಗಳೂ ಒಬ್ಬಳು. ಹಳೆಯ ಪಟ್ಟಿಯ ಪಕ್ಕ ಇಟ್ಟರೆ ಇದು ಕುಸಿತವೇ. ಮುಖ್ಯೋಪಾಧ್ಯಾಯಿನಿ ಎರಡೂ ಹಾಳೆ ಮುಂದಿಟ್ಟುಕೊಂಡು ಹೋಲಿಸಿ ನೋಡಿದರು. ಊರಿನ ಬೇರೆ ಶಾಲೆಗಳ ಅಂಕವೂ ಅಲ್ಲಿತ್ತು. ಅವಕ್ಕಿಂತ ಇವಳ ಮಕ್ಕಳು ಸ್ವಲ್ಪ ಮೇಲಿದ್ದರು, ಬಹಳವೇನಿಲ್ಲ.

"ರಜೆ ಮುಗಿಸಿ ಆ ಟೀಚರ್ ವಾಪಸ್ ಬರ್ತಾರೆ. ಮೂರನೇ ತರಗತಿ ಅವರದೇ" ಎಂದರು. ಅವಳು ತಲೆ ಆಡಿಸಿ ಎದ್ದಳು. "ಕೂತ್ಕೊಳ್ಳಿ, ಮುಗೀಲಿಲ್ಲ. ಒಂದರಿಂದ ಐದರವರೆಗೆ, ವಾರಕ್ಕೊಂದು ಕೇಳೋ ಪಾಠ ನಿಮ್ಮದು. ಇದೂ ಒಂದೇ ವರ್ಷಕ್ಕೆ. ಆದ್ರೆ ಹೊರಗಿನವರನ್ನ ಕರೆಯೋ ಮುಂಚೆ ನಂಗೆ ಹೇಳಿ."

ಫಲಕದ ಹಳೆಯ ಪಟ್ಟಿಯನ್ನು ಅಂದು ಸಂಜೆ ಅವಳೇ ಪಿನ್ನು ಬಿಡಿಸಿ ತೆಗೆದಳು. ಯಾರೂ ಬೇಡವೆನ್ನಲಿಲ್ಲ.

ಮನೆಗೆ ಬಂದು ಹೇಳಿದಾಗ ಗಂಡ, "ಸದ್ಯ, ಇನ್ನಾದ್ರೂ ಸ್ವಲ್ಪ ದಿನ ಒಂದ್ಕಡೆ ಕೂತ್ಕೋ" ಎಂದ. ಅವಳು ನಿಜವಾಗಿಯೂ ಕೂತಳು. ನಾಲ್ಕನ್ನೂ ದಾಟದ ಆ ಮೂವರ ಹಾಳೆಗಳನ್ನು ತೊಡೆಯ ಮೇಲೆ ಹರಡಿ, ಯಾವ ಪದದ ಹತ್ತಿರ ಅವರ ಕಿವಿ ಜಾರಿತೆಂದು ಒಂದೊಂದೇ ಪ್ರಶ್ನೆ ನೋಡತೊಡಗಿದಳು. ಎರಡನೆಯ ಹಾಳೆ ಮುಗಿಯುವಷ್ಟರಲ್ಲಿ ಎದ್ದು ಚಪ್ಪಲಿ ಮೆಟ್ಟಿದ್ದಳು.

"ಎಲ್ಲಿಗೆ ಮತ್ತೆ?" ಎಂದರು ಅತ್ತೆ.

"ಬಣ್ಣದಂಗಡಿಗೆ ಅತ್ತೆ. ರಜೇಲಿ ಆ ಹುಡುಗೀನ ದಿನಾ ಅರ್ಧ ಗಂಟೆ ನಮ್ಮನೆಗೆ ಕಳಿಸ್ತಾರಾ ಕೇಳ್ಬೇಕು. ನೀವೂ ಇರ್ತೀರಲ್ಲ?"