ಹೋಫ್ರಾಟರ ಅವಸರದ ಚಪ್ಪಾಳೆ

ವಾರವಿಡೀ ಶೂ ಅಂಗಡಿಯಲ್ಲಿ ನಿಂತು ದುಡಿಯುವ ನಾನು ಭಾನುವಾರ ಬೆಳಗ್ಗೆ ಟಿಕೆಟ್ ಕೊಂಡು ಮತ್ತೆ ನಿಲ್ಲಲು ಹೋಗುತ್ತೇನೆ. ವಿಯೆನ್ನಾದ ಸಂಗೀತ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಮುಗಿದ ಮೇಲೆ, ಹಿಂದುಗಡೆ, ನಮ್ಮಂಥವರಿಗೆ ಒಂದು ಕಂಬಿ ಇದೆ. ಅದಕ್ಕೆ ಮಫ್ಲರ್ ಕಟ್ಟಿದರೆ ಅಷ್ಟು ಜಾಗ ನಮ್ಮದು. ಸಂಗೀತ ನನಗೆ ಎಷ್ಟು ಗೊತ್ತೆಂದರೆ, ಮೊದಲ ದಿನ ವಾದ್ಯಗಳ ಶ್ರುತಿ ಕೂಡಿಸುವಾಗಲೇ ತಲೆದೂಗಿದ್ದೆ.

"ಇನ್ನೂ ಶುರುವಾಗಿಲ್ಲ ಕಣೋ, ಕತ್ತು ಉಳಿಸ್ಕೋ," ಎಂದು ಪಕ್ಕದಲ್ಲಿ ನಿಂತು ಗದರಿದವರೇ ಫ್ರಾವ್ ಕ್ರಾಟ್ಕಿ.

ಫ್ರಾವ್ ಕ್ರಾಟ್ಕಿ, ಅಂದರೆ ಶ್ರೀಮತಿ ಕ್ರಾಟ್ಕಿ, ನಿವೃತ್ತ ಟ್ರಾಂ ಚಾಲಕಿ. ಕುರ್ಚಿಯಲ್ಲಿ ಕೂತವರನ್ನು ಕಂಡರೆ ಆಕೆಗೆ ತಾತ್ಸಾರ: "ನಿದ್ದೆಗೆ ಟಿಕೆಟ್ ತಗೊಂಡೋರು." ಜೀವನವೆಲ್ಲ ಗಂಟೆ ಬಾರಿಸಿದ ಆ ಹೆಂಗಸಿಗೆ ಇದ್ದದ್ದು ಒಂದೇ ಆಸೆ. ಅವರ ಪ್ರೀತಿಯ ಸಿಂಫನಿಯೊಂದು ಕೊನೆಯಲ್ಲಿ ಸಣ್ಣಗಾಗುತ್ತ, ಪಿಟೀಲುಗಳ ದನಿ ಉಸಿರಿನಷ್ಟೇ ಆಗಿ ನಿಂತುಹೋಗುತ್ತದೆ. ಆಮೇಲಿನ ಆ ಮೌನವನ್ನು ಒಮ್ಮೆ ಪೂರ್ತಿ ಕೇಳಬೇಕು.

ಅದಕ್ಕೆ ಅಡ್ಡಿ ಹೋಫ್ರಾಟ್ ಲಿಂಡ್ನರ್. ಹೋಫ್ರಾಟ್ ಎಂದರೆ ದೊಡ್ಡ ಸರ್ಕಾರಿ ಅಧಿಕಾರಿ. ನಮ್ಮೂರಲ್ಲಿ ಮನುಷ್ಯ ನಿವೃತ್ತನಾದರೂ ಪದವಿ ನಿವೃತ್ತವಾಗುವುದಿಲ್ಲ. ಕುರ್ಚಿ ಕೊಳ್ಳುವ ತಾಕತ್ತಿದ್ದರೂ ಬೆನ್ನುನೋವಿಗೆ ನಿಲ್ಲುವುದೇ ಒಳ್ಳೆಯದೆಂದು ಅವರು ನಮ್ಮ ಪಕ್ಕದಲ್ಲೇ ನಿಲ್ಲುತ್ತಿದ್ದರು. ಕೃತಿ ಮುಗಿಯಿತೆಂದು ತಮಗೆ ಮೊದಲೇ ಗೊತ್ತು ಎಂದು ತೋರಿಸಲು, ಕೊನೆಯ ಸ್ವರ ಆರುವ ಮೊದಲೇ ಚಟಾರನೆ ಚಪ್ಪಾಳೆ ತಟ್ಟುತ್ತಿದ್ದರು.

"ಕಂಡಕ್ಟರ್ ಸೀಟಿ ಊದೋ ಮುಂಚೆ ನಾನು ಯಾವತ್ತಾದ್ರೂ ಟ್ರಾಂ ಬಿಟ್ಟಿದ್ದೀನಾ?" ಎಂದು ಫ್ರಾವ್ ಕ್ರಾಟ್ಕಿ ಕುದಿಯುತ್ತಿದ್ದರು. "ಇಲ್ಲೂ ವಾದ್ಯದವರ ಮುಂದೆ ಕೋಲಾಡಿಸೋ ಕಂಡಕ್ಟರ್ ಕೈ ಇಳಿಸ್ಲಿ, ಆಮೇಲೆ ತಟ್ಕೊಳ್ಳಿ!"

ಆ ಸಿಂಫನಿ ಮತ್ತೆ ಬಂದ ಭಾನುವಾರ ಅವರು ನನ್ನ ತೋಳು ಹಿಡಿದರು. "ಫೆರ್ಡಿ, ಇವತ್ತು ನೀನು ಮೂರ್ಛೆ ಹೋಗ್ಬೇಕು."

"ನಾನಾ? ಯಾಕೆ?"

"ಸೆಕೆಗೆ ಇಲ್ಲಿ ಯಾರಾದ್ರೂ ಬೀಳ್ತಾನೇ ಇರ್ತಾರೆ. ಕೊನೇಲಿ ನೀನು ಹೋಫ್ರಾಟರ ಮೇಲೆ ಬೀಳು. ದೊಡ್ಡ ಮನುಷ್ಯರು, ಎರಡೂ ಕೈಲಿ ಹಿಡ್ಕೋತಾರೆ. ಆಮೇಲೆ ಹೇಗೆ ಚಪ್ಪಾಳೆ ಹೊಡೀತಾರೋ ನೋಡೋಣ! ಸದ್ದಿಲ್ದೆ ಬೀಳು, ಮೂಟೆ ಥರ ಬೀಳ್ಬೇಡ."

ಪಿಟೀಲುಗಳು ಉಸಿರಿಗಿಳಿದವು. ಹೋಫ್ರಾಟರ ಅಂಗೈಗಳು ಮೇಲೇಳುತ್ತಿದ್ದವು. ಫ್ರಾವ್ ಕ್ರಾಟ್ಕಿ ಮೊಣಕೈಯಿಂದ ತಿವಿದರು. ನಾನು ಕಣ್ಣು ಮುಚ್ಚಿ ವಾಲಿದೆ. ಪಾಪ, ಹೋಫ್ರಾಟರು ಎರಡೂ ಕೈಗಳಿಂದ ನನ್ನನ್ನು ಮಗುವಿನ ಹಾಗೆ ತಬ್ಬಿಕೊಂಡರು. ಕೊನೆಯ ಸ್ವರ ಆರಿತು. ಸಭಾಂಗಣ ನಿಶ್ಶಬ್ದವಾಯಿತು.

ಕಂಡಕ್ಟರನ ಕೈ ಇನ್ನೂ ಮೇಲೆಯೇ ಇತ್ತು, ಅಷ್ಟರಲ್ಲಿ ಹೋಫ್ರಾಟರು ಗಾಬರಿಯಿಂದ ಕೂಗಿದರು: "ಡಾಕ್ಟರೇ! ಡಾಕ್ಟರ್ ಯಾರಾದ್ರೂ ಇದ್ದೀರಾ?"

ವಿಯೆನ್ನಾದಲ್ಲಿ ಕೇಳಬಾರದ ಪ್ರಶ್ನೆ ಅದು.

"ಹೇಳಿ!" ಎಂದು ಮುಂದಿನ ಸಾಲಿನಿಂದ ಒಬ್ಬರು ಎದ್ದರು. "ಏನಾಗ್ಬೇಕು?" ಎಂದು ಬಾಲ್ಕನಿಯಿಂದ ಇನ್ನೊಬ್ಬರು. ಅಲ್ಲಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಕಾನೂನಿನ ಡಾಕ್ಟರ್, ರಸಾಯನಶಾಸ್ತ್ರದ ಡಾಕ್ಟರ್, ಹಳೆಯ ನಾಣ್ಯಗಳ ಡಾಕ್ಟರ್. ನಾಡಿ ಹಿಡಿಯಬಲ್ಲವರು ಒಬ್ಬರೂ ಇರಲಿಲ್ಲ. ನಾಣ್ಯದವರು ನನ್ನ ರೆಪ್ಪೆ ಎತ್ತಿ, ಸವೆದ ಕಾಸನ್ನು ಪರೀಕ್ಷಿಸುವಂತೆ ನೋಡಿದರು. ನಾನು ತಡೆಯಲಾರದೆ ಎದ್ದು ನಿಂತೆ. ಕಂಡಕ್ಟರ್ ಕೈ ಇಳಿಸಿದ, ಚಪ್ಪಾಳೆ ಮೊಳಗಿತು. ಅದು ಸಂಗೀತಕ್ಕೋ ನನಗೋ ತಿಳಿಯಲಿಲ್ಲ.

ಹೋಫ್ರಾಟರು ನನ್ನ ಬೆನ್ನು ಸವರಿ, ಬಿಸಿ ಸೂಪ್ ಕುಡಿಯಲು ಹೇಳಿ ಹೋದರು. ಫ್ರಾವ್ ಕ್ರಾಟ್ಕಿ ಮಫ್ಲರಿನ ಗಂಟು ಬಿಚ್ಚುತ್ತಿದ್ದರು.

"ಮಧ್ಯೆ ಒಂದು ಗಳಿಗೆ ಮೌನ ಸಿಕ್ತಲ್ಲ, ಕೇಳಿಸ್ಕೊಂಡ್ರಾ?" ಎಂದೆ.

"ಎಲ್ಲಿ! ನೀನು ಸರಿಯಾಗಿ ಬಿದ್ಯೋ ಇಲ್ವೋ ಅಂತ ನೋಡ್ತಾ ನಿಂತ್ಬಿಟ್ಟೆ." ಆಮೇಲೆ ನನ್ನ ತೋಳು ಹಿಡಿದು, ಸಣ್ಣ ಹುಡುಗಿಯ ಹಾಗೆ ಕೇಳಿದರು: "ನೀನು ಕಣ್ಮುಚ್ಚಿ ಆರಾಮಾಗಿ ಮಲಗಿದ್ಯಲ್ಲ. ಹೇಗಿತ್ತೋ?"

ಸಂಗೀತ ಬಲ್ಲವನಾಗಿದ್ದರೆ ಏನಾದರೂ ಚೆಂದದ ಸುಳ್ಳು ಹೇಳುತ್ತಿದ್ದೆ.

"ಹೋಫ್ರಾಟರ ಹೊಟ್ಟೆ ಗುರುಗುಟ್ತಿತ್ತು, ಫ್ರಾವ್ ಕ್ರಾಟ್ಕಿ," ಎಂದೆ.